ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಜನ ಬಾಯಿ ಬಿಡುವಂತೆ ಮಾಡುವುದು ಹೇಗೆ?

ಬೆಂಗಳೂರಿನ ವಿಜಯನಗರದಲ್ಲಿ ಸಂಜೆ ಬ್ಯಾಚ್ ಶುರು ಮಾಡಿದ್ದೇನೆ, ಬಂದವರು ತುಟಿ ಪಿಟಕ್ಕೆನ್ನುವುದಿಲ್ಲ, ಮೂರನೇ ವಾರಕ್ಕೆ ಅರ್ಧ ಜನ ನಾಪತ್ತೆ, ಏನು ಮಾಡಲಿ ಅಂತ ಕೇಳಿದ್ದೀರಿ. ನನಗೂ ಹೀಗೇ ಆಗಿತ್ತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು 7 ವರ್ಷದಿಂದ ಪೀಣ್ಯದ ಕಡೆ ಸಂಜೆ ಕ್ಲಾಸ್ ತೆಗೆದುಕೊಳ್ಳುತ್ತಿದ್ದೇನೆ. ಬರುವವರು ಗಾರ್ಮೆಂಟ್ಸ್ ಅಕ್ಕಂದಿರು, ಸೆಕ್ಯೂರಿಟಿ ಕೆಲಸದವರು, ಐಟಿಐ ಮುಗಿಸಿದ ಹುಡುಗರು, ಒಬ್ಬಿಬ್ಬರು ಆಟೋದವರು. ಮೊದಲ ಬ್ಯಾಚಿಗೆ ನಾನು ಕಲಿಸಿದ್ದು ಬರೀ ಟೆನ್ಸ್. ಬೋರ್ಡ್ ಮೇಲೆ 12 ಮನೆ ಗೀಚಿ, ದಿನಕ್ಕೊಂದು ತುಂಬಿಸಿದ್ದೇ ತುಂಬಿಸಿದ್ದು. 22 ಜನ ಇದ್ದವರು ತಿಂಗಳಿಗೆ 9 ಜನ ಆದರು. ಬಿಟ್ಟು ಹೋದ ಒಬ್ಬರು ಬಸ್ ಸ್ಟಾಪಿನಲ್ಲಿ ಸಿಕ್ಕಿ, "ನೀವು ತುಂಬಾ ಚೆನ್ನಾಗಿ ಮಾತಾಡ್ತೀರ ಸಾರ್" ಅಂದರು. ಅದು ಹೊಗಳಿಕೆ ಅಲ್ಲ ಅಂತ ಮನೆಗೆ ಹೋದ ಮೇಲೆ ಹೊಳೆಯಿತು. ಒಂದು ಗಂಟೆಯಲ್ಲಿ 50 ನಿಮಿಷ ನಾನೇ ಮಾತಾಡುತ್ತಿದ್ದೆ!

ಇಲ್ಲಿ ಯಾರಿಗೂ ಇಂಗ್ಲಿಷ್ ಪೂರ್ತಿ ಹೊಸದಲ್ಲ. ತಪ್ಪು ಮಾತಾಡಿದರೆ ಪಕ್ಕದವರು ನಗುತ್ತಾರೆ ಅನ್ನುವ ನಾಚಿಕೆ ಜಾಸ್ತಿ, ಅಷ್ಟೇ. ಅದಕ್ಕೆ ಮೊದಲ ದಿನ ನಾನು ಪಾಠವನ್ನೇ ಮಾಡುವುದಿಲ್ಲ. ಬೆಳಗ್ಗೆಯಿಂದ ನೀವು ಆಡಿದ ಇಂಗ್ಲಿಷ್ ಪದ ಹೇಳಿ ಅನ್ನುತ್ತೇನೆ. ಶಿಫ್ಟು, ಟಾರ್ಗೆಟ್ಟು, ಪೀಸು, ಓಟಿ, ಚಾರ್ಜರ್ರು, ಗ್ಯಾಸು, ಲೀವು. ಹತ್ತು ನಿಮಿಷದಲ್ಲಿ ಬೋರ್ಡಿನಲ್ಲಿ ಜಾಗ ಇರುವುದಿಲ್ಲ. ಕೊನೆಗೆ ಎರಡು ಪದಕ್ಕೆ ಗೆರೆ ಎಳೆಯುತ್ತೇನೆ: ಕವರ್, ಹೋಟೆಲ್. ನಮಗೆ ಕವರ್ ಅಂದರೆ ಪ್ಲಾಸ್ಟಿಕ್ ಚೀಲ, ಹೋಟೆಲ್ ಅಂದರೆ ದೋಸೆ ಸಿಗುವ ಜಾಗ. ಹೊರಗಿನವರು ಹೋಟೆಲ್ ಅಂದರೆ ರಾತ್ರಿ ಉಳಿಯುವ ಜಾಗ ಅಂದುಕೊಳ್ಳುತ್ತಾರೆ ಅಂತ ಹೇಳಿದಾಗ ಕ್ಲಾಸಿಗೆ ಕ್ಲಾಸೇ ನಗುತ್ತದೆ. ಆ ನಗು ಒಬ್ಬರ ಮೇಲೆ ಬೀಳುವ ನಗು ಅಲ್ಲ. ಅದೇ ಬೇಕಾಗಿರುವುದು.

ಇನ್ನು ಮಾತು ಬರಿಸುವ ವಿಷಯ. "ನಿಮ್ಮ ಬಗ್ಗೆ ಎರಡು ಮಾತು ಹೇಳಿ" ಅಂದರೆ ಯಾರೂ ಹೇಳುವುದಿಲ್ಲ. ಯಾಕೆ ಹೇಳಬೇಕು? ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಬೇಕಾಗಿರಬೇಕು. ನಾನು ಮೆಟ್ರೋ ಮ್ಯಾಪಿನ ಎರಡು ಪ್ರತಿ ತೆಗೆದು, ಒಂದರಲ್ಲಿ ಕೆಲವು ಸ್ಟೇಷನ್ ಹೆಸರಿಗೆ ಬಿಳಿ ಕಾಗದ ಅಂಟಿಸುತ್ತೇನೆ, ಇನ್ನೊಂದರಲ್ಲಿ ಬೇರೆ ಕೆಲವಕ್ಕೆ. ಇಬ್ಬರನ್ನು ಎದುರುಬದುರು ಕೂರಿಸುತ್ತೇನೆ. ಒಬ್ಬರ ಮ್ಯಾಪ್ ಇನ್ನೊಬ್ಬರು ನೋಡುವ ಹಾಗಿಲ್ಲ. ಜಯನಗರದಿಂದ ಇಂದಿರಾನಗರಕ್ಕೆ ಹೋಗಬೇಕು. ಎಲ್ಲಿ ಇಳಿದು ಬದಲಾಯಿಸಬೇಕು, ನಡುವೆ ಯಾವ್ಯಾವ ಸ್ಟೇಷನ್ ಬರುತ್ತವೆ, ಇಂಗ್ಲಿಷಿನಲ್ಲೇ ಕೇಳಿ ತುಂಬಿಸಬೇಕು.

ಒಬ್ಬ ಗಾರ್ಮೆಂಟ್ಸ್ ಅಕ್ಕ ಮೂರು ಕ್ಲಾಸಿನಿಂದ ಉಸಿರೆತ್ತಿರಲಿಲ್ಲ. ಎದುರಿಗಿದ್ದ ಹುಡುಗ ಅವಸರದಲ್ಲಿ ಲಾಲ್‌ಬಾಗ್ ಆದ ಮೇಲೆ ಚಿಕ್ಕಪೇಟೆ ಅಂದುಬಿಟ್ಟ. ಅಕ್ಕ ಎದ್ದೇ ನಿಂತರು. "ನೋ ನೋ! ಚಿಕ್ಕಪೇಟೆ ಲಾಸ್ಟ್! ಮೆಜೆಸ್ಟಿಕ್ ಬಿಫೋರ್! ಐ ಗೋ, ಸ್ಯಾರಿ ಬೈ!" ಪ್ರತಿ ಯುಗಾದಿಗೂ ಸೀರೆ ತರುವುದು ಅಲ್ಲಿಂದ, ಅವರಿಗೆ ಗೊತ್ತಿಲ್ವಾ? ಗ್ರಾಮರ್ ಇರಲಿಲ್ಲ. ಹುಡುಗನಿಗೆ ಮಾತ್ರ ಎಲ್ಲಾ ಅರ್ಥ ಆಯಿತು: ಟ್ರೈನ್ ಬದಲಾಯಿಸುವ ಮೆಜೆಸ್ಟಿಕ್ಕಿಗೆ ಮುಂಚಿನ ಕೊನೆ ಸ್ಟೇಷನ್ ಚಿಕ್ಕಪೇಟೆ. ಹೆಸರು ಹೊಡೆದುಹಾಕಿ ಸರಿ ಬರೆದ.

ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಇಂಥದ್ದೇ ಪ್ರಯೋಗ ನಡೆಸಿದ್ದರು. ನಮ್ಮ ಊರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್, ಬ್ರಿಟಿಷ್ ಕೌನ್ಸಿಲ್ ಎರಡೂ ಜೊತೆಗಿದ್ದವು. ಇಂಗ್ಲಿಷ್ ಕಲಿಸುವವರು ಅದನ್ನು ಇವತ್ತಿಗೂ ಬೆಂಗಳೂರು ಪ್ರಾಜೆಕ್ಟ್ ಅಂತಲೇ ಕರೆಯುತ್ತಾರೆ. ವ್ಯಾಕರಣದ ಪಟ್ಟಿ ಪಕ್ಕಕ್ಕಿಟ್ಟು, ಮಕ್ಕಳಿಗೆ ರೈಲ್ವೆ ಟೈಮ್‌ಟೇಬಲ್, ಮ್ಯಾಪ್ ಕೊಟ್ಟು ಲೆಕ್ಕ ಬಿಡಿಸಿ ಅಂದರು. ಮೊದಲು ಟೀಚರ್ ಜೊತೆ ಎಲ್ಲರೂ ಸೇರಿ ಒಂದು, ಆಮೇಲೆ ಅಂಥದ್ದೇ ಇನ್ನೊಂದು ಒಬ್ಬೊಬ್ಬರೇ. ಕ್ಲಾಸಿನ ಅರ್ಧ ಜನಕ್ಕಾದರೂ ಕೆಲಸದ ಅರ್ಧ ಭಾಗವಾದರೂ ಸರಿಬರಬೇಕು, ಇಲ್ಲದಿದ್ದರೆ ಅದು ಕಷ್ಟ ಆಯಿತು ಅಂತ ಲೆಕ್ಕ. ನಾನು ಇದನ್ನು ಚಾಚೂ ತಪ್ಪದೆ ಪಾಲಿಸುತ್ತೇನೆ. ಪ್ರಭು ಅವರಿಗೆ ಜೋಡಿ ಜೋಡಿ ಕೂರಿಸುವುದರಲ್ಲಿ ಅಷ್ಟು ನಂಬಿಕೆ ಇರಲಿಲ್ಲ, ಆದರೆ ಅವರದು ಶಾಲೆ ಮಕ್ಕಳು. ದಿನವಿಡೀ ದುಡಿದು ಬಂದ ದೊಡ್ಡವರಿಗೆ ಜೋಡಿಯೇ ಸರಿ ಅಂತ ನನ್ನ ಅನುಭವ.

ತಪ್ಪು ತಿದ್ದುವುದು ಯಾವಾಗ ಅಂತಲೂ ಕೇಳಿದ್ದೀರಿ. ಮಾತಿನ ನಡುವೆ ಬೇಡ. "ಯೆಸ್ಟರ್‌ಡೇ ಐ ಗೋ ಮಾರ್ಕೆಟ್" ಅಂದರೆ, "ಓ, ಯು ವೆಂಟ್ ಟು ದ ಮಾರ್ಕೆಟ್? ವಾಟ್ ಡಿಡ್ ಯು ಬೈ?" ಅಂತ ಸುಮ್ನೆ ಮುಂದುವರಿಸಿ. ಕೊನೆಯ ಐದು ನಿಮಿಷ, ಯಾರು ಹೇಳಿದ್ದು ಅಂತ ಎತ್ತದೆ, ಎರಡು ಮೂರು ವಾಕ್ಯ ಬೋರ್ಡಿಗೆ ಹಾಕಿ. ಅವು ಹೆಚ್ಚಾಗಿ ಕನ್ನಡದಿಂದಲೇ ಬಂದಿರುತ್ತವೆ. "ಅವನು ಡ್ರೈವರ್" ಅನ್ನುವುದಕ್ಕೆ ನಮಗೆ ಕ್ರಿಯಾಪದ ಬೇಡ, ಅದಕ್ಕೆ "ಹಿ ಡ್ರೈವರ್" ಬರುತ್ತದೆ. ಹಸಿವು, ಜ್ವರ, ನಿದ್ದೆ ಎಲ್ಲಾ ನಮಗೆ "ನನಗೆ" ಬರುತ್ತವೆ, ಅದಕ್ಕೆ "ಫೀವರ್ ಕೇಮ್ ಟು ಮೀ". ಇದನ್ನು ಕನ್ನಡದಲ್ಲೇ ಹೇಳಿ. ಒಂದು ನಿಮಿಷದಲ್ಲಿ ಮುಗಿಯುತ್ತದೆ. ಕ್ಲಾಸಿನಲ್ಲಿ ಕನ್ನಡ ಆಡಿದರೆ ಹತ್ತು ರೂಪಾಯಿ ದಂಡ ಹಾಕುವ ಜಾಗದಲ್ಲೂ ನಾನು ಕೆಲಸ ಮಾಡಿದ್ದೇನೆ. ಡಬ್ಬಿ ತುಂಬುತ್ತಿತ್ತು, ಕ್ಲಾಸು ಖಾಲಿ ಆಗುತ್ತಿತ್ತು.

ಜನ ಬಿಟ್ಟು ಹೋಗುವುದಕ್ಕೆ ಟ್ರಾಫಿಕ್ಕೂ ಒಂದು ಕಾರಣ. ಏಳಕ್ಕೆ ಕ್ಲಾಸ್ ಅಂದರೆ ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಹಾಕಿಕೊಂಡವರು ಏಳೂಕಾಲಿಗೆ ಬರುತ್ತಾರೆ. ಆಗ ಹೊಸ ಪಾಠ ಅರ್ಧ ಮುಗಿದಿದ್ದರೆ ಬಾಗಿಲಲ್ಲೇ ನಿಂತು, ಮರುದಿನದಿಂದ ಬರುವುದೇ ಇಲ್ಲ. ನಾನೀಗ ಮೊದಲ ಕಾಲು ಗಂಟೆ ಹಿಂದಿನ ದಿನದ ಮ್ಯಾಪನ್ನೋ ಅಂಥದ್ದೇ ಚೀಟಿಯನ್ನೋ ಜೋಡಿ ಬದಲಾಯಿಸಿ ಮತ್ತೆ ಆಡಿಸುತ್ತೇನೆ. ತಡವಾಗಿ ಬಂದವರು ಚಪ್ಪಲಿ ಬಿಟ್ಟು, ಯಾರ ಎದುರು ಜಾಗ ಖಾಲಿ ಇದೆಯೋ ಅಲ್ಲಿ ಕೂತು ಶುರು ಮಾಡುತ್ತಾರೆ. ಆ ಚಿಕ್ಕಪೇಟೆ ಅಕ್ಕ ಇವತ್ತಿಗೂ ಏಳೂ ಇಪ್ಪತ್ತಕ್ಕೇ ಬರುವುದು.