ಕೃಷಿ ಪ್ರಶ್ನೋತ್ತರ: ಬದು ಪ್ರತಿ ವರ್ಷ ಅದೇ ಮೂಲೆಯಲ್ಲಿ ಯಾಕೆ ಒಡೆಯುತ್ತದೆ?

ಮೂರು ಎಕರೆ ಕೆಂಪು ಮಣ್ಣಿನ ಹೊಲ, ಕಡಲೆಕಾಯಿ ಹಾಕುತ್ತೇವೆ. ಜೆಸಿಬಿ ತರಿಸಿ ಸುತ್ತ ಬದು ಹಾಕಿಸಿದೆವು. ಜೋರು ಮಳೆ ಬಂದಾಗಲೆಲ್ಲ ಕೆಳಮೂಲೆಯಲ್ಲಿ ಒಡೆಯುತ್ತದೆ. ಕಲ್ಲು ತುಂಬಿದರೆ ಪಕ್ಕದಲ್ಲೇ ಕಿತ್ತುಕೊಂಡು ಹೋಗುತ್ತದೆ. ಇನ್ನೂ ಎತ್ತರ ಮಾಡಿಸಲೇ?
— ಓದುಗರು, ಶಿರಾ ತಾಲ್ಲೂಕು

ಬೇಡ. ಎತ್ತರ ಮಾಡಿದಷ್ಟೂ ಹೆಚ್ಚು ನೀರು ನಿಲ್ಲುತ್ತದೆ, ಒಡೆದಾಗ ಅಷ್ಟೇ ಹೆಚ್ಚು ಮಣ್ಣು ಎಳೆದೊಯ್ಯುತ್ತದೆ. ನಿಮ್ಮ ಬದು ಸರ್ವೆ ಕಲ್ಲಿನಿಂದ ಸರ್ವೆ ಕಲ್ಲಿಗೆ ನೇರ ಹೋಗಿರಬೇಕು. ಹೊಲದ ಮಟ್ಟ ಹಾಗೆ ನೇರ ಇರುವುದಿಲ್ಲ. ಹೀಗಾಗಿ ಇಡೀ ಹೊಲದ ನೀರು ಬದುವಿನ ಬುಡ ಹಿಡಿದು ಓಡಿ ಒಂದೇ ಮೂಲೆಗೆ ಬೀಳುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಎಕರೆ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಸುಮಾರು 4,000 ಲೀಟರ್. 40 ಮಿ.ಮೀ. ಮಳೆ ಸುರಿದು ಅದರಲ್ಲಿ ಮೂರನೇ ಒಂದು ಪಾಲು ಹರಿದರೂ ಮೂರು ಎಕರೆಯಿಂದ 1.6 ಲಕ್ಷ ಲೀಟರ್ ಆಯಿತು. ಐದು ಸಾವಿರ ಲೀಟರಿನ 32 ಟ್ಯಾಂಕರ್ ಆ ಮೂಲೆಯಲ್ಲಿ ಬಂದು ನಿಂತ ಹಾಗೆ. ಯಾವ ಮಣ್ಣಿನ ಬದು ತಡೆದೀತು?

ನೀರನ್ನು ಮೂಲೆಗೆ ಬರುವ ಮೊದಲೇ, ಬಿದ್ದ ಜಾಗದ ಹತ್ತಿರವೇ ನಿಧಾನ ಮಾಡಬೇಕು. ಹರಿವಿನ ವೇಗ ಇಮ್ಮಡಿಯಾದರೆ ಕೊರೆಯುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಸುತ್ತಲ ಬದುವಿಗಿಂತ ಹೊಲದ ಒಳಗೆ, ಇಳಿಜಾರಿಗೆ ಅಡ್ಡವಾಗಿ, ಮಟ್ಟದ ಗೆರೆಯಲ್ಲಿ ಹಾಕುವ ಸಮಪಾತಳಿ ಬದು ಮುಖ್ಯ.

ಮಟ್ಟ ಹಿಡಿಯಲು ಯಂತ್ರ ಬೇಕಿಲ್ಲ. ಏಳಡಿಯ ಎರಡು ಬಿದಿರು ಗಳಗಳ ತುದಿ ಸೇರಿಸಿ ಕಟ್ಟಿ, ಕಾಲುಗಳನ್ನು ಆರೂವರೆ ಅಡಿ ಅಗಲಿಸಿ, ಅರ್ಧ ಎತ್ತರಕ್ಕೆ ನಾಲ್ಕಡಿಯ ಅಡ್ಡಪಟ್ಟಿ ಬಿಗಿಯಿರಿ. ತುದಿಯಿಂದ ಕಲ್ಲು ಕಟ್ಟಿದ ದಾರ ಇಳಿಬಿಡಿ; ಕಲ್ಲು ಅಡ್ಡಪಟ್ಟಿಗಿಂತ ಕೆಳಗೆ ತೂಗಬೇಕು. ಎರಡು ಕಾಲು ಊರಿದ ಜಾಗಕ್ಕೆ ಗೂಟ ಹೊಡೆದು, ದಾರ ಪಟ್ಟಿಯನ್ನು ಮುಟ್ಟುವಲ್ಲಿ ಗುರುತು ಮಾಡಿ. ಕಾಲುಗಳನ್ನು ಅದಲುಬದಲು ಮಾಡಿ ಅದೇ ಗೂಟಗಳ ಮೇಲಿಟ್ಟು ಇನ್ನೊಂದು ಗುರುತು. ಎರಡರ ನಡುಮಧ್ಯವೇ ಮಟ್ಟದ ಗುರುತು. ಇನ್ನು ಒಂದು ಕಾಲನ್ನು ಊರಿ, ದಾರ ನಡುಗುರುತಿಗೆ ಬರುವವರೆಗೆ ಇನ್ನೊಂದನ್ನು ಮೇಲೆ ಕೆಳಗೆ ಸರಿಸಿ, ಹೆಜ್ಜೆಗೊಂದು ಗೂಟ ಹೊಡೆಯುತ್ತಾ ಹೋಗಿ. ಗಾಳಿ ಬೀಸುವಾಗ ಈ ಕೆಲಸ ಬೇಡ, ದಾರ ನಿಲ್ಲುವುದಿಲ್ಲ. ಗೆರೆ ಡೊಂಕಾಗಿ ಬರುತ್ತದೆ. ಬರಲಿ, ತೀರಾ ಚೂಪು ತಿರುವನ್ನಷ್ಟೇ ಸವರಿ.

ಎಷ್ಟು ದೂರಕ್ಕೊಂದು ಬದು? ನೂರು ಮೀಟರಿಗೆ ಒಂದು ಮೀಟರ್ ಇಳಿದರೆ ಶೇ 1ರ ಇಳಿಜಾರು. ಶೇ 1ಕ್ಕೆ 70 ಮೀಟರ್, ಶೇ 2ಕ್ಕೆ 40, ಶೇ 3ಕ್ಕೆ 30 ಮೀಟರ್ ಅಂತರ ಸಾಕು. ಬದುವಿನ ಎತ್ತರ ಎರಡಡಿ, ತಲೆ ಒಂದೂವರೆ ಅಡಿ, ಬುಡ ಆರಡಿ. ಹೊಸ ಮಣ್ಣು ಕುಸಿಯುವುದರಿಂದ ಮೂರು ಇಂಚು ಹೆಚ್ಚಿಗೆ ಹಾಕಿ, ಅರ್ಧ ಅಡಿಗೊಮ್ಮೆ ತುಳಿಸಿ. ಮಣ್ಣನ್ನು ಮೇಲ್ಬದಿಯಿಂದ ಅಗೆಯಿರಿ, ಗುಂಡಿಗೂ ಬದುವಿಗೂ ನಡುವೆ ಒಂದಡಿ ಬಿಡಿ. ಗುಂಡಿಗಳ ನಡುವೆ ಅಗೆಯದ ತಡೆಯೂ ಇರಲಿ. ಜೆಸಿಬಿಯವರು ಒಂದೇ ಉದ್ದಕ್ಕೆ ತೋಡಿಬಿಡುತ್ತಾರೆ, ಆಗ ಅದೇ ಕಾಲುವೆಯಾಗಿ ನೀರು ಮತ್ತೆ ಮೂಲೆಗೆ ಓಡುತ್ತದೆ.

ಎಲ್ಲರೂ ಮರೆಯುವುದು ಕೋಡಿ, ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿ. ನೆಲಮಟ್ಟದಿಂದ ಒಂದಡಿ ಎತ್ತರದಲ್ಲಿ, ಮೂರಡಿ ಅಗಲಕ್ಕೆ ಕಲ್ಲು ಹಾಸಿದ ಕೋಡಿ ಇಡಿ. ನೀರು ಬೀಳುವ ಕೆಳಭಾಗಕ್ಕೂ ಕಲ್ಲು ಹಾಸದಿದ್ದರೆ ಅಲ್ಲಿಂದಲೇ ಕೊರಕಲು ಶುರುವಾಗಿ ಮೇಲಕ್ಕೆ ಹತ್ತುತ್ತದೆ. ನಿಮ್ಮ ಮೇಲಿನ ಹೊಲದ ನೀರೂ ಒಳಗೆ ನುಗ್ಗುತ್ತಿದ್ದರೆ ಈ ಅಳತೆ ಸಾಲದು. ಅವರನ್ನು ಕೂರಿಸಿಕೊಂಡು ಮಾತಾಡಿ ಆ ನೀರಿಗೆ ಬೇರೆ ದಾರಿ ಮಾಡಿ.

ಬಿತ್ತನೆಯೂ ಅಡ್ಡವೇ. ಕಡಲೆಕಾಯಿ 8 ಸಾಲಿಗೆ ತೊಗರಿ 2 ಸಾಲು ಹಾಕಿ, ತೊಗರಿಯ ಎರಡು ಸಾಲಿನ ನಡುವೆ ದೋಣಿ ಸಾಲು, ಅಂದರೆ ನೀರು ನಿಲ್ಲುವ ಆಳದ ಸಾಲು ತೆಗೆಯಿರಿ. ಸಣ್ಣ ಮಳೆಯ ನೀರು ಬದುವಿನ ತನಕ ಬರುವುದೇ ಇಲ್ಲ.

ಎರಿ ಹೊಲ. ಮುಂಗಾರಿನಾಗ ಖಾಲಿ ಬಿಟ್ಟು ಹಿಂಗಾರಿಗೆ ಬಿಳಿಜೋಳ ಬಿತ್ತತೀವಿ. ಹಳ್ಳದಾಗ ಕರಿನೀರು ಹರಿಯೂದು ನೋಡಿದ್ರ ಸಂಕಟ ಆಗತೈತಿ. ಎತ್ತರದ ಒಡ್ಡು ಹಾಕಿಸಬಹುದೇನ್ರಿ?
— ಓದುಗರು, ಮುದ್ದೇಬಿಹಾಳ ತಾಲ್ಲೂಕು

ಮೇಲಿನ ಉತ್ತರ ನಿಮ್ಮ ಹೊಲಕ್ಕೆ ಆಗುವುದಿಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಒಡ್ಡು ಕೂಡ ಬಿರಿಯುತ್ತದೆ. ನೀರು ಆ ಬಿರುಕು ಹೊಕ್ಕು ಒಳಗೊಳಗೇ ಕೊರೆದು ಒಡ್ಡನ್ನು ಹೊತ್ತೊಯ್ಯುತ್ತದೆ. ಒಡೆಯದೆ ನಿಂತರೂ ಒಡ್ಡಿನ ಮೇಲ್ಬದಿ ವಾರಗಟ್ಟಲೆ ಕೆಸರಾಗಿ ಅಷ್ಟು ಪಟ್ಟಿ ಬಿತ್ತನೆಗೆ ಸಿಗದೆ ಹೋಗುತ್ತದೆ.

ನಿಮಗೆ ಬೇಕಾದದ್ದು ಚೌಕು ಮಡಿ. ಜೂನ್‌ನಲ್ಲಿ ಒಮ್ಮೆ ಹರಗಿ, ಮಡಿ ಕಟ್ಟುವ ಕುಂಟೆಯನ್ನು ಮೊದಲು ಇಳಿಜಾರಿಗೆ ಅಡ್ಡ, ಆಮೇಲೆ ಉದ್ದಕ್ಕೆ ಹೊಡೆಯಿರಿ. 3 ಮೀಟರ್ ಚೌಕದ ಮಡಿಗಳಾಗುತ್ತವೆ, ಏರಿ ಅರ್ಧ ಅಡಿ ಇದ್ದರೆ ಸಾಕು. ಎರಡನೇ ಸಲ ಹೊಡೆಯುವಾಗ ಕುಂಟೆ ಮೊದಲ ಏರಿಗಳನ್ನು ಕತ್ತರಿಸುತ್ತದೆ. ಆ ಕೂಡುಮೂಲೆಗಳನ್ನು ಸಲಿಕೆಯಿಂದ ಮುಚ್ಚಬೇಕು. ಈ ಕೆಲಸ ಬಿಟ್ಟವರ ಹೊಲದಲ್ಲಿ ಮಡಿ ಕಾಣುತ್ತದೆ, ನೀರು ಕಾಣುವುದಿಲ್ಲ. ಕಸ ಎದ್ದರೆ ಹರಗಿ ಮತ್ತೆ ಕಟ್ಟಿ. ಸೆಪ್ಟೆಂಬರಿನಲ್ಲಿ ಕುಂಟೆ ಹೊಡೆದು ಸಮ ಮಾಡಿ, ಹಸಿ ಆರುವ ಮೊದಲು ಬಿತ್ತಿ. ಇಳಿಜಾರು ಶೇ 2 ದಾಟಿದರೆ ಮೇಲಿನ ಮಡಿ ಒಡೆದು ಕೆಳಗಿನವನ್ನೆಲ್ಲ ಸಾಲಾಗಿ ಒಡೆಯುತ್ತದೆ. ಅಲ್ಲಿ ನೂರು ಮೀಟರಿಗೆ 20ರಿಂದ 40 ಸೆಂ.ಮೀ. ಇಳಿಯುವ ಓರೆ ಒಡ್ಡು, ಅದರ ಕೊನೆಗೆ ಕಲ್ಲಿನ ಕೋಡಿ.

ಗುಡ್ಡದ ಇಳಿಜಾರಿನಲ್ಲಿ ಶುಂಠಿ. ಪಟ್ಟೆಗಳನ್ನು ಮೇಲಿನಿಂದ ಕೆಳಕ್ಕೆ ಮಾಡಿದರೆ ಮಣ್ಣು ಹೋಗುತ್ತದೆ, ಅಡ್ಡ ಮಾಡಿದರೆ ನೀರು ನಿಂತು ಕೊಳೆ ಬರುತ್ತದೆ ಎನ್ನುತ್ತಾರೆ. ಏನು ಮಾಡುವುದು?
— ಓದುಗರು, ಸಾಗರ ತಾಲ್ಲೂಕು

ಎರಡೂ ಮಾತು ನಿಜ. ಅದಕ್ಕೇ ಪೂರ್ತಿ ಅಡ್ಡವೂ ಬೇಡ, ಪೂರ್ತಿ ಉದ್ದವೂ ಬೇಡ. ಪಟ್ಟೆ ಅಡ್ಡವೇ ಇರಲಿ, ಆದರೆ ನಡುವಿನ ಕಾಲುವೆಗೆ 40 ಅಡಿಗೆ ಎರಡೂವರೆ ಇಂಚಿನಷ್ಟು ಇಳಿಕೆ ಕೊಡಿ. ಪಟ್ಟೆ 40 ಅಡಿ ದಾಟಬಾರದು. ಅಗಲ ಮೂರಡಿ, ಎತ್ತರ ಒಂದಡಿ. ಕಾಲುವೆಗಳೆಲ್ಲ ಸೇರುವ ಉದ್ದ ಹಾದಿಯನ್ನು ಅಗೆಯದೆ ಹುಲ್ಲಿರುವ ಹಾಗೇ ಬಿಡಿ. ಅಲ್ಲಿ ಬರಿಮಣ್ಣಿದ್ದರೆ ಎರಡು ಮಳೆಗೆ ಕೊರಕಲಾಗುತ್ತದೆ.

ನೆಟ್ಟ ಕೂಡಲೇ ಎಕರೆಗೆ 4ರಿಂದ 5 ಟನ್ ಹಸಿಸೊಪ್ಪಿನ ಹೊದಿಕೆ ಹಾಕಿ. ಒಂದೂವರೆ ತಿಂಗಳಿಗೆ, ಮೂರು ತಿಂಗಳಿಗೆ ಮತ್ತೆ 2ರಿಂದ 3 ಟನ್. ಮಣ್ಣನ್ನು ಮೊದಲು ಸಡಿಲಿಸುವುದು ಹನಿಯ ಏಟು, ಹರಿವು ಆಮೇಲಿನದು. ಸೊಪ್ಪು ಆ ಏಟು ತಿನ್ನುತ್ತದೆ. ಆದರೆ ಸೊಪ್ಪನ್ನು ಪಕ್ಕದ ಕಾಡಿನಿಂದ ಬರಿದಾಗುವಂತೆ ತಂದರೆ ಅಲ್ಲಿಯ ಮಣ್ಣು ಹೋಗುತ್ತದೆ.

ಕೆಟ್ಟ ಕಾಲ ಶುಂಠಿ ಕಿತ್ತ ನಂತರದ್ದು. ಅಗೆದು ಹುಡಿಯಾದ ಮಣ್ಣಿನ ಮೇಲೆ ಏಪ್ರಿಲ್‌ನ ಗುಡುಗು ಮಳೆ ಬೀಳುತ್ತದೆ. ಗುತ್ತಿಗೆಗೆ ಮಾಡಿದವರು ಅಷ್ಟರಲ್ಲಿ ಬೇರೆ ಜಮೀನು ಹುಡುಕಿರುತ್ತಾರೆ, ಹೋಗುವ ಮಣ್ಣು ಜಮೀನಿನವರದು. ನೆಲ ಸಮ ಮಾಡಿ ಮೊದಲ ಮಳೆಗೇ ಅಪ್ಪಸೆಣಬು ಎರಚಿಕೊಡುವುದು ಗುತ್ತಿಗೆ ಕರಾರಿನಲ್ಲೇ ಇರಲಿ. ಒಂದು ಎಕರೆಯಲ್ಲಿ ಒಂದೇ ಮಿ.ಮೀ. ದಪ್ಪ ಮಣ್ಣು ಹೋದರೂ ಅದು ಐದು ಟನ್‌ಗೂ ಮೇಲೆ.

ಕೃಷಿ ಹೊಂಡ ಎರಡೇ ವರ್ಷದಲ್ಲಿ ಹೂಳು ತುಂಬಿತು.
— ಓದುಗರು, ಹಾವೇರಿ ಜಿಲ್ಲೆ

ನೀರು ಒಳಬರುವ ಬಾಯಿಗೆ ಮೊದಲು 2 ಮೀಟರ್ ಉದ್ದ, 1 ಮೀಟರ್ ಅಗಲ, 1 ಮೀಟರ್ ಆಳದ ಹೂಳುಗುಂಡಿ ತೆಗೆಯಿರಿ, ದೊಡ್ಡ ಮಳೆಯಾದ ಮೇಲೆಲ್ಲ ಖಾಲಿ ಮಾಡಿ. ಮರಳು, ದಪ್ಪ ಮಣ್ಣು ಅಲ್ಲಿ ನಿಲ್ಲುತ್ತದೆ. ನಯವಾದ ಜೇಡಿ ನಿಲ್ಲುವುದಿಲ್ಲ, ಅದನ್ನು ಮೇಲಿನ ಹೊಲದಲ್ಲೇ ತಡೆಯಬೇಕು.

ಬದುವಿನ ಮೇಲೆ ಯಾವ ಹುಲ್ಲು ಒಳ್ಳೆಯದು?
— ಓದುಗರು, ಚಿತ್ರದುರ್ಗ ಜಿಲ್ಲೆ

ಲಾವಂಚ. ಗುಂಡ್ಲುಪೇಟೆ ಸೀಮೆಯಲ್ಲಿ ಹೊಲದ ಎಲ್ಲೆಗೆ ಇದನ್ನು ನೆಡುವುದು ಹಳೆಯ ರೂಢಿ. ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗಿಳಿಯುವುದರಿಂದ ಬೆಳೆಗೆ ಪೈಪೋಟಿ ಕಡಿಮೆ. ಮುಂಗಾರು ಹಿಡಿದ ಮೇಲೆ ಎರಡು ಮೂರು ಕವಲಿನ ಸಸಿಗಳನ್ನು ಅರ್ಧ ಅಡಿಗೊಂದರಂತೆ ನೆಡಿ. ಸತ್ತ ಕಡೆ ಅದೇ ಮಳೆಗಾಲದಲ್ಲೇ ಹೊಸದನ್ನು ನೆಡಿ. ಸಾಲಿನಲ್ಲಿ ಒಂದು ಗೇಣು ತೆರಪಿದ್ದರೂ ನೀರೆಲ್ಲ ಅಲ್ಲಿಗೇ ನುಗ್ಗಿ ಬದುವನ್ನು ಸೀಳುತ್ತದೆ. ಮೇವಿಗೆ ಬೇಕಿದ್ದರೆ ಎಳೆಯದಾಗಿರುವಾಗಲೇ ಕೊಯ್ಯಿರಿ, ಬಲಿತ ಎಲೆಯನ್ನು ದನ ಮೂಸಿ ಬಿಡುತ್ತದೆ.