ಅತ್ತೆಯ ಜೊತೆ ಒಬ್ಬರು ಇರಬೇಕಿತ್ತು: ಕೋವಿಡ್ ಕಾಲದ ಒಂದು ಆಪ್ತಸಲಹೆ ಪ್ರಕರಣ

(ಸೊಸೆಯ ಒಪ್ಪಿಗೆ ಪಡೆದು ಬರೆದದ್ದು. ಮನೆಯವರ ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ.)

"ಮೇಡಂ, ನಮ್ಮತ್ತಿಗೆ ಮರವು ಭಾಳ ಆಗೇತ್ರಿ. ಮೊನ್ನಿ ಸಂಜಿಯಿಂದ ಕಣ್ಣ ತೆರಿವಲ್ಲರು, ಉಣ್ಣವಲ್ಲರು. ನಿದ್ದಿ ಗುಳಿಗಿ ಬಿಡಿಸ್ಲೇನ್ರಿ?"

2021ರ ಮೇ ತಿಂಗಳು. ಎರಡನೇ ಅಲೆ ರಾಯಚೂರು ಜಿಲ್ಲೆಯ ಹಳ್ಳಿಗಳಿಗೂ ಇಳಿದಿತ್ತು. ಸಿಂಧನೂರು ಕಡೆಯ ಒಂದು ಊರಿನಿಂದ ಈ ಹೆಣ್ಣುಮಗಳು ಆಪ್ತಸಲಹೆಗಾರ್ತಿಯಾದ ನನಗೆ ಫೋನ್ ಮಾಡಿದ್ದಳು. ಗಂಡ ಬೆಂಗಳೂರಿನ ಕಟ್ಟಡ ಕೆಲಸ ನಿಂತು ಊರಿಗೆ ಬಂದಿದ್ದ. ಅತ್ತೆಗೆ ಎಪ್ಪತ್ತು ದಾಟಿತ್ತು. ಜೀವನವೆಲ್ಲ ಭತ್ತದ ನಾಟಿ, ಕಳೆ ಅಂತ ದುಡಿದ ಹೆಂಗಸು. ಮೂರ್ನಾಲ್ಕು ವರ್ಷಗಳಿಂದ ಒಲೆ ಮೇಲಿಟ್ಟದ್ದು ಮರೆಯುವುದು, ಮೊಮ್ಮಗನನ್ನು ತಮ್ಮ ಅಂತ ಕರೆಯುವುದು ನಡೆದಿತ್ತು. ಯಾರೂ ಡಾಕ್ಟರಿಗೆ ತೋರಿಸಿರಲಿಲ್ಲ. ಅರವತ್ತಕ್ಕೆ ಅರಳು ಮರಳು, ಇದಕ್ಕೇನು ಔಷಧಿ ಅಂತ ಓಣಿಯವರು ಹೇಳಿದ್ದನ್ನೇ ಮನೆಯವರೂ ನಂಬಿದ್ದರು. ನಸುಕಿನಲ್ಲಿ ಎದ್ದು "ಟಂಟಂ ಬಂತು, ನಾಟಿಗೆ ಹೋಗ್ಬೇಕು" ಅಂತ ಹೊರಗೆ ಓಡುತ್ತಿದ್ದರು. ಕರ್ಫ್ಯೂ ಇದ್ದಾಗ ಬೀದಿಯಲ್ಲಿ ಮುದುಕಿ ಓಡಾಡಿದರೆ ಬೈಗುಳ ಮನೆಯವರಿಗೆ. ಹಾಗಾಗಿ ಮೆಡಿಕಲ್ ಅಂಗಡಿಯಿಂದ ತಂದ ನಿದ್ರೆ ಗುಳಿಗೆಯನ್ನು ರಾತ್ರಿ ಕೊಡಲು ಶುರು ಮಾಡಿದ್ದರು.

ನಾನು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಇದು ನಿಧಾನವಾಗಿ ಬಂತೋ, ತಟ್ಟನೆ ಬಂತೋ? ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೆಳೆಯುವಂಥದ್ದು. ಎರಡು ದಿನದಲ್ಲಿ ಮನುಷ್ಯರು ಬೇರೆಯೇ ಆಗಿಬಿಟ್ಟರೆ, ಮಂಪರು ಕವಿದರೆ, ಇಲ್ಲವೇ ಇದ್ದಕ್ಕಿದ್ದಂತೆ ರೇಗಾಡಿದರೆ, ಅದು ಮರೆವು ಹೆಚ್ಚಾದದ್ದಲ್ಲ. ಒಳಗೆ ಬೇರೇನೋ ಕೆಟ್ಟಿದೆ ಎಂದರ್ಥ. ಸೋಂಕು, ನಿರ್ಜಲತೆ, ಮೂತ್ರ ಕಟ್ಟಿದ್ದು, ಕೊಟ್ಟ ಗುಳಿಗೆ, ಆಮ್ಲಜನಕ ಇಳಿದದ್ದು, ಯಾವುದೂ ಆಗಬಹುದು. ವೈದ್ಯರು ಇದನ್ನು ಡೆಲಿರಿಯಂ ಅನ್ನುತ್ತಾರೆ. ವಯಸ್ಸಾದವರಲ್ಲಿ, ಅದರಲ್ಲೂ ಡಿಮೆನ್ಷಿಯಾ ಇದ್ದವರಲ್ಲಿ, ಕೋವಿಡ್ ಜ್ವರ ಕೆಮ್ಮು ಇಲ್ಲದೆ ಬರೀ ಈ ಮಂಪರಿನ ರೂಪದಲ್ಲೇ ಕಾಣಿಸಿಕೊಂಡದ್ದುಂಟು.

ಮನೆ ಮನೆ ಸಮೀಕ್ಷೆಗೆ ಬಂದವರು ಆ ವಾರವೇ ಅವರ ಮನೆಗೂ ಬಂದು ಹೋಗಿದ್ದರು. "ಅಜ್ಜಿ, ಜ್ವರ ಅದಾವೇನು? ಕೆಮ್ಮು ಐತೇನು?" ಅಂತ ಕೇಳಿದ್ದಾರೆ. ಅಜ್ಜಿ ನಕ್ಕು "ಇಲ್ಲ" ಅಂದಿದ್ದಾರೆ. ಅವರು ಯಾವ ಪ್ರಶ್ನೆಗೂ ಹಾಗೇ ಹೇಳುತ್ತಿದ್ದರು. ಹಾಳೆಯ ಮೇಲೆ ಆರೋಗ್ಯವಂತರು ಅಂತ ಬಿತ್ತು. ಬಂದ ಕಾರ್ಯಕರ್ತೆಯದು ತಪ್ಪೆಂದು ನಾನು ಹೇಳಲಾರೆ. ಬಿಸಿಲಲ್ಲಿ ಮನೆಮನೆ ತಿರುಗಿದವಳು ಅವಳು. ಆದರೆ ತನ್ನ ತೊಂದರೆಯನ್ನು ತಾನೇ ಹೇಳಬಲ್ಲವರಿಗೆ ಮಾತ್ರ ಆ ಹಾಳೆ ಮಾಡಿದ್ದಾಗಿತ್ತು.

ಆಶಾ ಕಾರ್ಯಕರ್ತೆಯನ್ನು ಕರೆದು ಬೆರಳಿಗೆ ಆಕ್ಸಿಮೀಟರ್ ಹಾಕಿಸಲು ಹೇಳಿದೆ. ರಕ್ತದ ಆಮ್ಲಜನಕ ಶೇ 88 ತೋರಿಸಿತು. 94ಕ್ಕಿಂತ ಕೆಳಗಿಳಿದರೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಆಗ ಎಲ್ಲರಿಗೂ ಹೇಳುತ್ತಿದ್ದೆವು. ಗುಳಿಗೆಯ ಪಟ್ಟಿಯನ್ನು ಜೊತೆಗೆ ಒಯ್ಯಿರಿ, ಡಾಕ್ಟರಿಗೆ ತೋರಿಸದೆ ಇನ್ನೊಂದು ಕೊಡಬೇಡಿ, 108ಕ್ಕೆ ಫೋನ್ ಮಾಡಿ ಎಂದೆ. ತಾಲ್ಲೂಕು ಕೇಂದ್ರದಲ್ಲಿ ಪರೀಕ್ಷೆ ಆಯಿತು. ಅತ್ತೆಗೂ ಸೊಸೆಗೂ ಪಾಸಿಟಿವ್. ಅತ್ತೆಯನ್ನು ಕೋವಿಡ್ ವಾರ್ಡಿಗೆ, ಸೊಸೆಯನ್ನು ಹಾಸ್ಟೆಲ್ ಕಟ್ಟಡದಲ್ಲಿ ಮಾಡಿದ್ದ ಆರೈಕೆ ಕೇಂದ್ರಕ್ಕೆ ಬರೆದರು.

ಮರುದಿನ ಆಕೆ ಅಳುತ್ತಲೇ ಮಾತಾಡಿದಳು. ಅತ್ತೆ ಆಕ್ಸಿಜನ್ ಮಾಸ್ಕ್ ಕಿತ್ತೊಗೆದಿದ್ದಾರೆ, ಕೈ ಕಟ್ಟಿದ್ದಾರೆ, ಒಳಗೆ ಯಾರನ್ನೂ ಬಿಡುತ್ತಿಲ್ಲ. "ಎಲ್ಲಾರಿಗೂ ಒಂದ ರೂಲ್ಸು ಅಂತಾರ್ರಿ. ಅಷ್ಟೂ ಮಂದಿಗೆ ಬಿಡಂಗಿಲ್ಲ, ನಿಮ್ಮತ್ತಿಗೇನು ಸ್ಪೆಷಲ್ಲಾ ಅಂತಾರ್ರಿ."

ಈ ಮಾತಿನ ಮೇಲೆ ನನಗೆ ಇವತ್ತಿಗೂ ಸಂಕಟವಿದೆ. ಬುದ್ಧಿ ಸ್ವಾಧೀನದಲ್ಲಿರುವ ರೋಗಿಗೆ ಮುಖ ಮುಚ್ಚಿದ ಬಿಳಿ ಉಡುಪಿನವರು ನರ್ಸ್ ಎಂದು ಗೊತ್ತು. ಮಾಸ್ಕ್ ಯಾಕೆ ಹಾಕಿದ್ದಾರೆಂದು ಗೊತ್ತು. ನೀರು ಬೇಕು, ಒಂದಕ್ಕೆ ಹೋಗಬೇಕು ಅಂತ ಹೇಳಬಲ್ಲರು. ಈ ಅಜ್ಜಿಗೆ ಇವೆಲ್ಲವನ್ನೂ ಮಾಡುತ್ತಿದ್ದದ್ದು ಸೊಸೆಯ ದನಿ ಮತ್ತು ಕೈ. ಅದನ್ನು ಬಾಗಿಲಲ್ಲಿ ನಿಲ್ಲಿಸುವುದು, ಕುಂಟುವವರ ಕೋಲನ್ನು ಇಸಿದುಕೊಂಡು ಒಳಗೆ ನಡೆದು ಹೋಗಿ ಅಂದ ಹಾಗೆ. ಭೇಟಿಗೆ ಬರುವವರನ್ನು ತಡೆಯುವ ನಿಯಮ ಸರಿಯಾಗಿಯೇ ಇತ್ತು. ಆದರೆ ಇಲ್ಲಿ ಸೊಸೆ ಭೇಟಿಗೆ ಬಂದವಳಲ್ಲ. ಅವಳಿಲ್ಲದೆ ಆ ಆಕ್ಸಿಜನ್ ಅಜ್ಜಿಯ ಮೂಗಿಗೆ ತಲುಪುತ್ತಲೇ ಇರಲಿಲ್ಲ.

ಜಗಳ ಬೇಡ ಎಂದೆ. ಗೇಟಿನ ಸಿಬ್ಬಂದಿಗೆ ನಿಯಮ ಬದಲಿಸುವ ಅಧಿಕಾರವಿಲ್ಲ, ವಾರ್ಡಿನ ಹೊಣೆ ಹೊತ್ತ ವೈದ್ಯರ ಹೆಸರು ಕೇಳಿಕೊಂಡು ಅವರ ಹತ್ತಿರವೇ ಮಾತಾಡಬೇಕು ಎಂದೆ. ಏನು ಹೇಳಬೇಕೆಂದು ಇಬ್ಬರೂ ಫೋನಿನಲ್ಲೇ ಅಭ್ಯಾಸ ಮಾಡಿದೆವು. "ಸರ್, ನಮ್ಮ ಅತ್ತಿಗೆ ಮರೆವಿನ ಕಾಯಿಲೆ ಐತ್ರಿ. ನನಗೂ ಪಾಸಿಟಿವ್ ಐತ್ರಿ, ಒಳಗ ಬಂದ್ರ ನನಗ ಹೊಸದಾಗಿ ಹತ್ತಂಗಿಲ್ಲ. ಹೆಂಗೂ ನನ್ನ ಎಲ್ಲ್ಯಾರ ಇಡ್ತೀರಿ, ಇಲ್ಲೇ ಇಡ್ರಿ. ನಾ ಇದ್ರ ಮಾಸ್ಕ್ ಕಿತ್ತಂಗಿಲ್ಲ, ಕೈ ಕಟ್ಟಾಕ ಬೇಕಾಗಂಗಿಲ್ಲ." ವೈದ್ಯರು ಯುವಕ, ದಣಿದವರು. ಮೊದಲ ಸಲ ಆಗುವುದಿಲ್ಲ ಅಂದರು. ಸಂಜೆ ಅವರೇ ಕರೆಸಿದರು.

ಕಾನೂನೂ ಆಕೆಯ ಪರವಾಗಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಕಲಂ ಅಪಾಯ, ವಿಪತ್ತಿನ ಹೊತ್ತಿನಲ್ಲಿ ಸಮಾನ ರಕ್ಷಣೆ ಸಿಗಬೇಕೆನ್ನುತ್ತದೆ. 25ನೇ ಕಲಂ ಚಿಕಿತ್ಸೆಯಲ್ಲಿ ಆದ್ಯತೆಯ ಮಾತಾಡುತ್ತದೆ. ಆದರೆ ಕಾಯಿಲೆಯ ಹೆಸರೇ ಯಾವ ಚೀಟಿಯಲ್ಲೂ ಬರೆದಿಲ್ಲದಾಗ ಯಾವ ಕಾಯ್ದೆಯನ್ನು ತೋರಿಸುವುದು? ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ಹೇಳುತ್ತದೆ. ಹಳ್ಳಿಗಳಲ್ಲಿ, ಹೆಂಗಸರಲ್ಲಿ, ಓದು ಕಡಿಮೆ ಇದ್ದವರಲ್ಲಿ ಹೆಚ್ಚು ಎಂದೂ ಹೇಳುತ್ತದೆ. ಹಳ್ಳಿಯ, ಹೆಬ್ಬೆಟ್ಟಿನ, ಕೂಲಿ ಹೆಂಗಸು: ನಮ್ಮ ಈ ಅತ್ತೆ ಮೂರೂ ಆಗಿದ್ದರು.

ಒಳಗೆ ಹೋದ ಮೇಲೆ ಹೇಗಿರಬೇಕೆಂದೂ ಹೇಳಿದ್ದೆ. ಮುಟ್ಟುವ ಮುಂಚೆ ಮಾತಾಡಿ, ಯಾರೆಂದು ನೀವೇ ಹೇಳಿ. "ನಾ ಯಾರು ಹೇಳ್ರಿ ನೋಡೋಣ" ಅಂತ ಪರೀಕ್ಷೆ ಮಾಡಬೇಡಿ. ಒಂದು ಸಲಕ್ಕೆ ಒಂದೇ ಮಾತು. ನರ್ಸ್ ಬಂದಾಗ ಅತ್ತೆಯ ಕೈ ನಿಮ್ಮ ಕೈಯಲ್ಲಿರಲಿ. ನಾಟಿಗೆ ಹೋಗಬೇಕು ಅಂದರೆ ವಾದ ಬೇಡ, "ಕಾಲುವಿಗೆ ಇನ್ನಾ ನೀರು ಬಿಟ್ಟಿಲ್ಲತ್ತೀ" ಅನ್ನಿ. ಮೇ ತಿಂಗಳಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಇರುವುದೂ ಇಲ್ಲ, ಹಾಗಾಗಿ ಅದು ಸುಳ್ಳೂ ಅಲ್ಲ. ಈ ಒಂದು ಮಾತು ಬಹಳ ಕೆಲಸ ಮಾಡಿತಂತೆ. ವಾರ್ಡಿನ ನರ್ಸ್ ಕೂಡ ಅದನ್ನೇ ಹೇಳಲು ಕಲಿತರು. ಇನ್ನೊಂದು, ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆಸಿ ಮಂಚಕ್ಕೆ ಅಂಟಿಸಿದರು: ಇವರಿಗೆ ಮರೆವಿನ ಕಾಯಿಲೆ ಇದೆ. ಅವ್ವ ಅಂತ ಕರೆದರೆ ತಿರುಗುತ್ತಾರೆ. ಎಡಗಿವಿ ಕೇಳಿಸುವುದಿಲ್ಲ. ನೋವಾದರೆ ಹೇಳುವುದಿಲ್ಲ, ಸೆರಗು ಹಿಂಡುತ್ತಾರೆ. ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕೊಡಬೇಕು.

ಅತ್ತೆ ಬದುಕಿ ಬಂದರು. ಆದರೆ ಮೊದಲಿದ್ದಷ್ಟು ಗೆಲುವಾಗಲಿಲ್ಲ. ಡೆಲಿರಿಯಂ ಆದ ಮೇಲೆ ಹೀಗಾಗುವುದುಂಟು ಎಂದು ಮನೆಯವರಿಗೆ ಮುಂಚೆಯೇ ತಿಳಿಸಿದ್ದೆ, ಸೊಸೆಯ ಆರೈಕೆ ಕಡಿಮೆಯಾಯಿತೆಂದು ಯಾರೂ ಬೆರಳು ತೋರಿಸಬಾರದೆಂದು. ಆಗ ಗಂಡನನ್ನೂ ಫೋನಿಗೆ ಕರೆದೆ. ರಾತ್ರಿ ಎದ್ದು ನೋಡುವ ಪಾಳಿ ಅವನು ಹಂಚಿಕೊಳ್ಳಬೇಕು, ಕೊಪ್ಪಳದಲ್ಲಿದ್ದ ನಾದಿನಿ ತಿಂಗಳಿಗೆ ಕೆಲವು ದಿನ ಬಂದಿರಬೇಕು ಎಂದು ಮಾತಾಯಿತು. ಅವನು ಒಪ್ಪಿದ. ನಾದಿನಿ ಬರಲು ಬಸ್ಸು ಶುರುವಾಗುವವರೆಗೆ ಕಾಯಬೇಕಾಯಿತು. ನಸುಕಿನ ಓಟಕ್ಕೆ ಗುಳಿಗೆಯ ಬದಲು ಕೆಲಸ ಕೊಡಲು ಹೇಳಿದೆ. ಒಂದು ಮೊರದಲ್ಲಿ ಅಕ್ಕಿ ಹಾಕಿ ಮುಂದಿಟ್ಟರೆ ಅತ್ತೆ ಒಂದು ತಾಸು ಹಸನು ಮಾಡುತ್ತಾ ಕೂರುತ್ತಿದ್ದರು.

ಲಸಿಕೆಯ ಮಾತು ಬಂತು. 60 ದಾಟಿದವರಿಗೆ 2021ರ ಮಾರ್ಚ್ 1ರಿಂದಲೇ ಕೊಡುತ್ತಿದ್ದರು. ಆದರೆ ಸಾಲಲ್ಲಿ ನಿಂತು, ಚುಚ್ಚಿಸಿಕೊಂಡು, ಮತ್ತೆ ಅರ್ಧ ಗಂಟೆ ಒಂದೇ ಕಡೆ ಕೂರುವುದು ಇವರಿಂದ ಆಗದ ಮಾತು. ಗುಣವಾಗಿ ಮೂರು ತಿಂಗಳು ಕಳೆಯಲಿ ಎಂಬ ಸೂಚನೆಯೂ ಇತ್ತು. ಸೆಪ್ಟೆಂಬರ್‌ನಲ್ಲಿ ಓಡಾಡಲಾಗದವರಿಗೆ ಮನೆಯಲ್ಲೇ ಲಸಿಕೆ ಹಾಕಲು ಕೇಂದ್ರ ಸರ್ಕಾರ ಒಪ್ಪಿದಾಗ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅರ್ಜಿ ಬರೆಸಿದೆ. ಸಿಸ್ಟರ್ ಮನೆಗೆ ಬಂದು ಕಟ್ಟೆಯ ಮೇಲೆ ಕೂರಿಸಿಯೇ ಹಾಕಿದರು. ಅದು ಮಾರ್ಚ್‌ನಲ್ಲೇ ಆಗಬೇಕಿತ್ತು.

ಇಂಥವರು ಮನೆಯಲ್ಲಿದ್ದರೆ ರೋಗ ಬರುವವರೆಗೆ ಕಾಯಬೇಡಿ. ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ಕಿಗೆ ಕರೆದೊಯ್ದು ತೋರಿಸಿ. ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿ, ಅವುಗಳ ಕೊರತೆಯಿಂದ ಬಂದ ಮರೆವಾದರೆ ಔಷಧಿ ಇದೆ. ಕಾಯಿಲೆಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಅಂಗವೈಕಲ್ಯ ಪ್ರಮಾಣಪತ್ರ ಸಿಗುತ್ತದೆಯೇ ಎಂದು ಅಲ್ಲೇ ಕೇಳಿ. ಮಂಚಕ್ಕೆ ಅಂಟಿಸಿದಂಥ ಹಾಳೆಯನ್ನು ಇವತ್ತೇ ಬರೆದು ಆಧಾರ್ ಕಾರ್ಡಿನ ಜೊತೆ ಇಡಿ. ಹಿರಿಯರ ಸಹಾಯವಾಣಿ 14567. ನೋಡಿಕೊಳ್ಳುವವರ ಮನಸ್ಸು ಸೋತರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.