ಜೀವಮಾನದ ವಾರಂಟಿ, ಮುಚ್ಚಿದ ಕಾರ್ಖಾನೆ

ಓದುಗರ ಪ್ರಶ್ನೆ – ತಜ್ಞರ ಉತ್ತರ

ಅಮೆರಿಕದಲ್ಲಿರುವ ಕನ್ನಡಿಗರು ಮತ್ತು ಇಲ್ಲಿನ ಎಲೆಕ್ಟ್ರಾನಿಕ್ಸ್ ಆಸಕ್ತರು ಮೆಟಲ್ ಡಿಟೆಕ್ಟರ್ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ನನ್ನ ಬಳಿ ಟೆಸೋರೊ ಕಂಪನಿಯ ವಕೇರೊ ಮಾಡೆಲ್ ಇದೆ. ಹೊಸದಾಗಿ ಕೊಂಡಾಗ ಜೀವಮಾನದ ವಾರಂಟಿ ಎಂದಿದ್ದರು. ಈಗ ಲೋಹ ಇಲ್ಲದ ಕಡೆಯೂ ಬಿಟ್ಟು ಬಿಟ್ಟು ಕೂಗುತ್ತದೆ. ಕಂಪನಿ ಮುಚ್ಚಿದೆಯಂತೆ. ವಾರಂಟಿ ನಡೆಯುತ್ತದೆಯೇ? ರಿಪೇರಿಗೆ ದಾರಿ ಇದೆಯೇ?
— ಫೀನಿಕ್ಸ್, ಅರಿಜೋನಾ

ಉತ್ತರ: ವಾರಂಟಿಯ ಆಸೆ ಬಿಡಿ. ಟೆಸೋರೊ ನಿಮ್ಮದೇ ರಾಜ್ಯದ ಪ್ರೆಸ್ಕಟ್ ಊರಿನ ಕುಟುಂಬದ ಕಂಪನಿ, ಜ್ಯಾಕ್ ಗಿಫರ್ಡ್ 1980ರಲ್ಲಿ ಕಟ್ಟಿದ್ದು. 2018ರಲ್ಲಿ ಅದು ಬಾಗಿಲು ಹಾಕಿತು. ಮೊದಲ ಖರೀದಿದಾರರಿಗೆ ಕೊಟ್ಟಿದ್ದ ಆ ಮಾತನ್ನು ಈಗ ನಡೆಸಿಕೊಡುವವರು ಯಾರೂ ಇಲ್ಲ. ಆದರೆ ರಿಪೇರಿಗೆ ದಾರಿ ಖಂಡಿತ ಇದೆ. ನೀವು ಹೇಳಿದ ತೊಂದರೆಯ ಮೂಲ ಸಾಮಾನ್ಯವಾಗಿ ಸರ್ಕ್ಯೂಟ್ ಬೋರ್ಡಿನಲ್ಲಿ ಇರುವುದಿಲ್ಲ. ಬ್ಯಾಟರಿ, ಕೇಬಲ್, ಕಾಯಿಲ್ (ನೆಲದ ಮೇಲೆ ಬೀಸುವ, ತಂತಿ ಸುರುಳಿಗಳಿರುವ ತಟ್ಟೆ), ಈ ಮೂರನ್ನು ಇದೇ ಕ್ರಮದಲ್ಲಿ ನೋಡುತ್ತ ಬನ್ನಿ.

ವಕೇರೊ ಒಂದೇ 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತದೆ. ಹೊಸ ಆಲ್ಕಲೈನ್ ಬ್ಯಾಟರಿ ಹಾಕಿ ನೋಡಿ. ಯುಎಸ್‌ಬಿಯಿಂದ ಚಾರ್ಜ್ ಆಗುವ ಲಿಥಿಯಂ 9 ವೋಲ್ಟ್ ಬ್ಯಾಟರಿ ಹಾಕಿದ್ದರೆ ಮೊದಲು ಅದನ್ನು ತೆಗೆಯಿರಿ. ಅಂಥ ಬಹಳಷ್ಟು ಬ್ಯಾಟರಿಗಳ ಒಳಗೆ ವೋಲ್ಟೇಜ್ ಬದಲಿಸುವ ಪುಟ್ಟ ಸ್ವಿಚಿಂಗ್ ಸರ್ಕ್ಯೂಟ್ ಇರುತ್ತದೆ. ಅದರ ಗದ್ದಲ ರಿಸೀವರ್‌ಗೆ ನುಗ್ಗಿ ಡಿಟೆಕ್ಟರ್ ಸುಮ್ಮನೆ ಚಿಟಿಚಿಟಿ ಎನ್ನತೊಡಗುತ್ತದೆ. ಬ್ಯಾಟರಿ ಕ್ಲಿಪ್ಪಿನ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಉಜ್ಜಿ ತೆಗೆಯಿರಿ. ಹಿಡಿತ ಸಡಿಲವಾಗಿದ್ದರೆ ಕ್ಲಿಪ್ಪನ್ನೇ ಬದಲಿಸಿ, ಅದಕ್ಕೆ ಹೆಚ್ಚು ಖರ್ಚಿಲ್ಲ.

ಆಮೇಲೆ ಮನೆಯಿಂದ ದೂರ, ವಿದ್ಯುತ್ ತಂತಿ ಇಲ್ಲದ ಬಯಲಿಗೆ ಹೋಗಿ. ಫೋನನ್ನು ಜೇಬಿನಿಂದ ತೆಗೆದಿಡಿ, ಸೆನ್ಸಿಟಿವಿಟಿಯನ್ನು ಅರ್ಧಕ್ಕಿಳಿಸಿ, ಕಾಯಿಲನ್ನು ಗಾಳಿಯಲ್ಲಿ ಅಲುಗಾಡದಂತೆ ಹಿಡಿಯಿರಿ. ಸದ್ದು ನಿಂತರೆ ಯಂತ್ರ ಸರಿಯಾಗಿಯೇ ಇದೆ, ಸುತ್ತಲಿನ ವಿದ್ಯುತ್ ಗದ್ದಲವೇ ಕಾರಣ. ಸುಮ್ಮನಿದ್ದದ್ದು ಕಾಯಿಲ್ ಬೀಸಿದಾಗ ಮಾತ್ರ ಕೂಗಿದರೆ ಕೇಬಲ್ ನೋಡಿ. ಕಾಯಿಲಿನಿಂದ ಹೊರಟ ಕೇಬಲ್ ರಾಡಿಗೆ ಬಿಗಿಯಾಗಿ ಸುತ್ತಿಕೊಂಡಿರಬೇಕು, ಮೊದಲ ಸುತ್ತು ರಾಡಿನ ಮೇಲಿನಿಂದ ಹಾದಿರಬೇಕು. ಕಾಯಿಲ್ ಹತ್ತಿರ ಕೇಬಲ್ ಜೋಲಾಡಿದರೆ ಡಿಟೆಕ್ಟರ್ ಅದನ್ನೇ ಲೋಹ ಎಂದು ತಿಳಿಯುತ್ತದೆ.

ಬಹಳ ಜನ ಮರೆಯುವುದು ಕಾಯಿಲಿನ ತಳದ ಪ್ಲಾಸ್ಟಿಕ್ ಕವರನ್ನು. ಅದನ್ನು ಕಳಚಿದರೆ ಒಳಗೆ ಒದ್ದೆ ಮಣ್ಣು, ಕಪ್ಪು ಮರಳು ಕೂತಿರುತ್ತದೆ. ಅರಿಜೋನಾದ ಮಣ್ಣಿನಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ ಹೇರಳ, ಕವರಿನ ಒಳಗೆ ಅದರ ತೆಳು ಪದರ ಸರಿದಾಡಿದರೂ ಸುಳ್ಳು ಸದ್ದು ಬರುತ್ತದೆ. ತೊಳೆದು ಪೂರ್ತಿ ಒಣಗಿಸಿ ಹಾಕಿ.

ಇಷ್ಟಾದರೂ ಸರಿಹೋಗದಿದ್ದರೆ ಮಲ್ಟಿಮೀಟರ್ ತನ್ನಿ. ಕಾಯಿಲ್ ಕೇಬಲಿನ ಐದು ಪಿನ್ನಿನ ಪ್ಲಗ್ ಬಿಚ್ಚಿ, ಯಾವ ಪಿನ್ನುಗಳ ನಡುವೆ ಸಂಪರ್ಕ ಸಿಗುತ್ತದೆ ಎಂದು ಗುರುತಿಸಿ. ಒಂದು ಜೋಡಿ ಟ್ರಾನ್ಸ್‌ಮಿಟ್ ಸುರುಳಿಯದು, ಇನ್ನೊಂದು ರಿಸೀವ್ ಸುರುಳಿಯದು: ಮೊದಲನೆಯದು ಸಂಕೇತ ಕಳಿಸುತ್ತದೆ, ಎರಡನೆಯದು ಮರಳಿ ಬಂದದ್ದನ್ನು ಹಿಡಿಯುತ್ತದೆ. ಎಷ್ಟು ಓಮ್ ಎಂಬುದಕ್ಕಿಂತ ಅಂಕಿ ಅಲುಗದೆ ನಿಲ್ಲುತ್ತದೆಯೇ ಎಂಬುದು ಮುಖ್ಯ. ಮೀಟರ್ ಹಚ್ಚಿಟ್ಟುಕೊಂಡೇ ಕೇಬಲನ್ನು ಪ್ಲಗ್ ಬುಡದಲ್ಲಿಯೂ ಕಾಯಿಲ್ ಬುಡದಲ್ಲಿಯೂ ಮೆಲ್ಲಗೆ ಬಾಗಿಸಿ. ಅಂಕಿ ಜಿಗಿದರೆ ತಂತಿ ಒಳಗೆ ತುಂಡಾಗಿದೆ ಎಂದರ್ಥ. ಪ್ಲಗ್ ಕಡೆ ತುಂಡಾಗಿದ್ದರೆ ಅದೃಷ್ಟ: ಮೂರು ಸೆಂಟಿಮೀಟರ್ ಕತ್ತರಿಸಿ ಮತ್ತೆ ಬೆಸುಗೆ ಹಾಕಬಹುದು. ಬಿಚ್ಚುವ ಮೊದಲು ಪಿನ್ನುಗಳ ಫೋಟೊ ತೆಗೆದುಕೊಳ್ಳಿ. ಕಾಯಿಲ್ ಒಳಗೆ ತುಂಡಾಗಿದ್ದರೆ ಅಲ್ಲಿ ತುಂಬಿರುವ ಗಟ್ಟಿ ಅಂಟು, ಎಪಾಕ್ಸಿ, ಕೆತ್ತಬೇಕಾಗುತ್ತದೆ, ಅದಕ್ಕಿಂತ ಬೇರೆ ಕಾಯಿಲ್ ಹುಡುಕುವುದೇ ಲೇಸು.

ಸರ್ಕ್ಯೂಟ್ ಡಬ್ಬಿ ಬಿಚ್ಚಿದರೆ ಬೋರ್ಡಿನ ಮೇಲಿನ ಪುಟ್ಟ ಹೊಂದಾಣಿಕೆ ತಿರುಪುಗಳಾದ ಟ್ರಿಮರ್‌ಗಳನ್ನು ದಯವಿಟ್ಟು ತಿರುಗಿಸಬೇಡಿ. ಫೆರೈಟ್ ತುಂಡು ಮತ್ತು ಪರೀಕ್ಷಾ ನಾಣ್ಯಗಳನ್ನು ಇಟ್ಟುಕೊಂಡು ಹೊಂದಿಸಿದ ಸ್ಥಾನಗಳು ಅವು. ತಿರುಗಿಸಲೇಬೇಕಾದರೆ ಮೊದಲು ಪೆನ್ನಿನಿಂದ ಗುರುತು ಮಾಡಿ. ನಾಬ್ ತಿರುಗಿಸುವಾಗ ಮಾತ್ರ ಕರಕರ ಎಂದರೆ ಅದರ ಹಿಂದಿನ ಪೊಟೆನ್ಷಿಯೊಮೀಟರಿನಲ್ಲಿ (ತಿರುಗಿಸುವ ರೆಸಿಸ್ಟರ್) ಧೂಳು ಸೇರಿದೆ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮುಕು ಹಾಕಿ, ನಾಬನ್ನು ಆ ತುದಿಯಿಂದ ಈ ತುದಿಗೆ ಹಲವು ಸಲ ತಿರುಗಿಸಿ.

ಪ್ರಶ್ನೆ: ಅಷ್ಟು ಒಳ್ಳೆಯ ಹೆಸರಿದ್ದ ಟೆಸೋರೊ, ವೈಟ್ಸ್ ಕಂಪನಿಗಳು ಏಕೆ ಉಳಿಯಲಿಲ್ಲ? ಚಿಕ್ಕ ಕಂಪನಿಯ ಡಿಟೆಕ್ಟರ್ ಕೊಳ್ಳುವುದೇ ತಪ್ಪೇ?
— ದಾವಣಗೆರೆ

ಉತ್ತರ: ತಪ್ಪಲ್ಲ. ಆದರೆ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ.

ಟೆಸೋರೊದ ಬಲ ಅನಲಾಗ್ ಸರ್ಕ್ಯೂಟ್. ಹೆಚ್ಚಿನ ಮಾಡೆಲ್‌ಗಳಲ್ಲಿ ಪರದೆ ಇಲ್ಲ, ಮೆನು ಇಲ್ಲ, ಕೆಲವೇ ನಾಬ್, ತೂಕ ಸುಮಾರು ಒಂದು ಕಿಲೊ. ಮೊಳೆಗಳ ನಡುವೆ ಅಡಗಿದ ನಾಣ್ಯವನ್ನು ಬೇರ್ಪಡಿಸಿ ಹೇಳುವ ಅದರ ಚುರುಕನ್ನು ಬಳಸಿದವರು ಇಂದಿಗೂ ಮೆಚ್ಚುತ್ತಾರೆ, ಆ ಮೆಚ್ಚುಗೆ ನ್ಯಾಯವಾದದ್ದೇ. ಆದರೆ ಅದು ಒಂದೇ ಆವರ್ತನದ ಯಂತ್ರ, ವಕೇರೊದ್ದು ಸುಮಾರು 14.5 ಕಿಲೊಹರ್ಟ್ಸ್. ಆಸ್ಟ್ರೇಲಿಯದ ಮೈನ್‌ಲ್ಯಾಬ್ 2018ರಲ್ಲಿ ಏಕಕಾಲಕ್ಕೆ ಹಲವು ಆವರ್ತನಗಳಲ್ಲಿ ಕೆಲಸ ಮಾಡುವ, ನೀರಿನಲ್ಲಿ ಮುಳುಗಿಸಬಹುದಾದ ಈಕ್ವಿನಾಕ್ಸನ್ನು ಸಾವಿರ ಡಾಲರಿಗಿಂತ ಕಡಿಮೆಗೆ ಮಾರುಕಟ್ಟೆಗೆ ತಂದಿತು. ಮರುವರ್ಷ ಟರ್ಕಿಯ ನೊಕ್ಟಾ ಮಾಕ್ರೊದಿಂದ ಸಿಂಪ್ಲೆಕ್ಸ್ ಬಂತು. ಕಡಿಮೆ ಬೆಲೆಯ ಡಿಟೆಕ್ಟರಿಗೂ ಪರದೆ, ನೀರಿನಲ್ಲಿ ಬಳಸುವ ಸೌಲಭ್ಯ, ಸಾಫ್ಟ್‌ವೇರ್ ಅಪ್‌ಡೇಟ್ ಸಿಕ್ಕವು. ಅನಲಾಗ್ ಯಂತ್ರ ಸುಧಾರಿಸಬೇಕೆಂದರೆ ಬೋರ್ಡನ್ನೇ ಮತ್ತೆ ವಿನ್ಯಾಸ ಮಾಡಬೇಕು. ಡಿಜಿಟಲ್ ಯಂತ್ರಕ್ಕೆ ಹೊಸ ಸಾಫ್ಟ್‌ವೇರ್ ಸಾಕಾಗಬಹುದು. ಜೊತೆಗೆ ಜೀವಮಾನದ ವಾರಂಟಿಯ ಭಾರ ಮಾರಿದ ಪ್ರತಿ ಯಂತ್ರದೊಂದಿಗೆ ಬೆಳೆಯುತ್ತಲೇ ಹೋಗುತ್ತದೆ. ಹೊಸ ಮಾರಾಟ ಇಳಿದರೂ ಹಳೆಯವುಗಳ ರಿಪೇರಿ ನಿಲ್ಲುವುದಿಲ್ಲ.

ವೈಟ್ಸ್ ಅದಕ್ಕಿಂತ ದೊಡ್ಡ ಕಂಪನಿ. ಆರೆಗನ್ ರಾಜ್ಯದ ಸ್ವೀಟ್ ಹೋಮ್ ಎಂಬ ಪುಟ್ಟ ಊರಿನಲ್ಲಿ 1950ರಲ್ಲಿ ಶುರುವಾಯಿತು. ಯುರೇನಿಯಂ ಹುಡುಕುವ ಭರಾಟೆಯ ಆ ದಿನಗಳಲ್ಲಿ ಗೈಗರ್ ಕೌಂಟರ್ ತಯಾರಿಸಿ ಬೆಳೆದದ್ದು. 2020ರಲ್ಲಿ ಮುಚ್ಚಿತು. ಅದರ ಹೆಸರು, ವಿನ್ಯಾಸಗಳನ್ನು ಟೆಕ್ಸಸ್‌ನ ಗ್ಯಾರೆಟ್ ಕೊಂಡಿತು. ಹಾಗಾಗಿ 48 ಕಿಲೊಹರ್ಟ್ಸ್‌ನಲ್ಲಿ ಸಣ್ಣ ಚಿನ್ನದ ಕಣ ಹುಡುಕುವ ಗೋಲ್ಡ್‌ಮಾಸ್ಟರ್ 24ಕೆ ಇಂದು ಗ್ಯಾರೆಟ್ ಹೆಸರಿನಲ್ಲಿ ಬದುಕಿದೆ. 1931ರಷ್ಟು ಹಳೆಯ ಫಿಷರ್ ಕೂಡ 2006ರಲ್ಲಿ ಎಲ್ ಪಾಸೊದ ಫಸ್ಟ್ ಟೆಕ್ಸಸ್ ಕೈ ಸೇರಿ ಉಳಿಯಿತು. ಚಿಕ್ಕ ಕಂಪನಿಯ ಮುಂದೆ ಸಾಮಾನ್ಯವಾಗಿ ಇವೇ ಎರಡು ದಾರಿ: ಕೊಳ್ಳುವವರು ಸಿಗುವುದು, ಇಲ್ಲವೇ ಬಾಗಿಲು ಹಾಕುವುದು. ಒಂದು ಎಚ್ಚರ: ಬ್ರ್ಯಾಂಡ್ ಕೊಂಡವರು ಹಳೆಯ ವಾರಂಟಿಯ ಹೊಣೆಯನ್ನೂ ಹೊರಬೇಕೆಂದಿಲ್ಲ. ಅದನ್ನು ಪತ್ರ ಬರೆದು ಕೇಳಿ ತಿಳಿದುಕೊಳ್ಳಿ.

ಹಾಗಾಗಿ ಇಂದು ಚಿಕ್ಕ ಕಂಪನಿಯ ಯಂತ್ರ ಕೊಳ್ಳುವವರು ಕಾಯಿಲನ್ನು ಕಂಪನಿ ಸ್ವತಃ ತಯಾರಿಸುತ್ತದೆಯೇ, ಬೇರೆಯವರ ಕಾಯಿಲ್ ಹೊಂದುತ್ತದೆಯೇ, ಬ್ಯಾಟರಿ ಸಾಮಾನ್ಯ ಅಳತೆಯದೇ ಎಂದು ವಿಚಾರಿಸಬೇಕು. ಕೊಳ್ಳುವಾಗಲೇ ಒಂದು ಹೆಚ್ಚುವರಿ ಕಾಯಿಲ್ ತೆಗೆದುಕೊಂಡರೆ ಯಂತ್ರದ ಆಯುಷ್ಯ ಬಹಳ ಹೆಚ್ಚುತ್ತದೆ. ವಾರಂಟಿ ಹಾಳೆಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನಮ್ಮ ದೃಢ ಅಭಿಪ್ರಾಯ.

ಪ್ರಶ್ನೆ: ಹಳೆಯ ಟೆಸೋರೊ ಕಾಂಪಾಡ್ರೆ ಒಂದು ಕಡಿಮೆ ಬೆಲೆಗೆ ಬಂದಿದೆ. ದುಡ್ಡು ಕೊಡುವ ಮುಂಚೆ ಏನು ಪರೀಕ್ಷಿಸಬೇಕು?
— ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಉತ್ತರ: ಕಾಂಪಾಡ್ರೆಯ ಕಾಯಿಲ್ ಕೇಬಲ್ ನೇರ ಡಬ್ಬಿಯೊಳಕ್ಕೆ ಹೋಗುತ್ತದೆ, ಕಳಚುವ ಪ್ಲಗ್ ಇಲ್ಲ. ಆದ್ದರಿಂದ ಕಾಯಿಲ್ ಸತ್ತರೆ ಇಡೀ ಯಂತ್ರ ಹೋದ ಹಾಗೆ. ನಿಮ್ಮ ಪರೀಕ್ಷೆ ಬಹುಪಾಲು ಕಾಯಿಲಿನದೇ ಆಗಿರಲಿ. ಅಂಚಿನಲ್ಲಿ ಬಿರುಕಿದೆಯೇ ನೋಡಿ. ಕಾಯಿಲನ್ನು ಬೆರಳ ಗಂಟಿನಿಂದ ಮೆಲ್ಲಗೆ ತಟ್ಟಿ: ತಟ್ಟಿದಾಗೆಲ್ಲ ಕೂಗಿದರೆ ಒಳಗಿನ ಸುರುಳಿ ಎಪಾಕ್ಸಿಯಿಂದ ಬಿಟ್ಟುಕೊಂಡಿರಬಹುದು, ಇಲ್ಲವೇ ಹೊರಗಿನ ವಿದ್ಯುತ್ ಗದ್ದಲ ತಡೆಯುವ ಗ್ರಾಫೈಟ್ ಲೇಪನದ ಸಂಪರ್ಕ ಹೋಗಿರಬಹುದು. ಅಂಥದ್ದನ್ನು ಕೊಳ್ಳಬೇಡಿ.

ನಾಣ್ಯ ಪರೀಕ್ಷೆಗೆ ಐದು ಸೆಂಟಿನ ನಿಕಲ್ ನಾಣ್ಯ, 1982ಕ್ಕಿಂತ ಈಚಿನ ಒಂದು ಸೆಂಟ್, ಸೋಡಾ ಡಬ್ಬಿಯ ಕಿವಿ, ಒಂದು ಕಬ್ಬಿಣದ ಮೊಳೆ ಒಯ್ಯಿರಿ. ಕಾಂಕ್ರೀಟ್ ನೆಲದ ಮೇಲೆ ಪರೀಕ್ಷಿಸಬೇಡಿ, ಒಳಗಿನ ಸರಳು ದಾರಿ ತಪ್ಪಿಸುತ್ತದೆ. ಡಿಸ್ಕ್ರಿಮಿನೇಷನ್ (ಬೇಡದ ಲೋಹಕ್ಕೆ ಸದ್ದು ಬರದಂತೆ ಮಾಡುವ ನಾಬ್) ಕನಿಷ್ಠದಲ್ಲಿದ್ದಾಗ ನಾಲ್ಕಕ್ಕೂ ಸದ್ದು ಬರಬೇಕು. ನಾಬನ್ನು ಏರಿಸುತ್ತ ಹೋದಂತೆ ಮೊದಲು ಮೊಳೆ ಸುಮ್ಮನಾಗಬೇಕು, ಆಮೇಲೆ ನಿಕಲ್ ನಾಣ್ಯ, ಡಬ್ಬಿ ಕಿವಿ ಹತ್ತಿರ ಹತ್ತಿರದಲ್ಲೇ ಹೋಗಬೇಕು. ಒಂದು ಸೆಂಟ್ ತೀರಾ ಕೊನೆಯವರೆಗೆ ಉಳಿಯಬೇಕು. ಈ ಕ್ರಮ ಏರುಪೇರಾದರೆ ಯಾರೋ ಒಳಗೆ ಕೈ ಆಡಿಸಿದ್ದಾರೆ.

ಬಳಸುವಾಗ ನೆನಪಿರಲಿ: ಸಣ್ಣ ಚಿನ್ನದ ಉಂಗುರ ಬೀಳುವುದೂ ಆ ನಿಕಲ್, ಡಬ್ಬಿ ಕಿವಿಗಳ ಪಟ್ಟಿಯಲ್ಲೇ. ಕಸ ಬೇಡವೆಂದು ನಾಬ್ ಏರಿಸಿದರೆ ಚಿನ್ನವನ್ನೂ ಬಿಟ್ಟಂತೆ. ಪರೀಕ್ಷೆಗೆ ನಮ್ಮ ಈಚಿನ ಒಂದು ರೂಪಾಯಿ ನಾಣ್ಯ ಒಯ್ಯಬೇಡಿ. ಅದು ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲ್. ಯಂತ್ರ ಸರಿಯಿದ್ದರೂ ಅದನ್ನು ಕಬ್ಬಿಣವೆಂದು ತಳ್ಳಬಹುದು, ಇಲ್ಲವೇ ಒಡೆದ ಸದ್ದು ಕೊಡಬಹುದು.

ಪ್ರಶ್ನೆ: 20 ಅಡಿ ಆಳದ ಚಿನ್ನ ತೋರಿಸುವ ಅಮೆರಿಕನ್ ಡಿಟೆಕ್ಟರ್ ಎಂದು ಒಬ್ಬರು ಮಾರುತ್ತಿದ್ದಾರೆ. ನಂಬಬಹುದೇ? ಹೊಲದಲ್ಲಿ ಬಳಸಬಹುದೇ?
— ಹೊಸಪೇಟೆ

ಉತ್ತರ: ನಂಬಬೇಡಿ. ಕಾಯಿಲಿನ ಅಳತೆಗಿಂತ ಆಳಕ್ಕೆ ಹೋದಂತೆ ಮರಳಿ ಬರುವ ಸಂಕೇತ ಆಳದ ಆರನೇ ಘಾತದಲ್ಲಿ ಕುಗ್ಗುತ್ತದೆ. ಆಳ ಎರಡರಷ್ಟಾದರೆ ಸಂಕೇತ 64ರಲ್ಲಿ ಒಂದು ಪಾಲು. ನಾಣ್ಯದಂಥ ವಸ್ತುವಿಗೆ ಒಳ್ಳೆಯ ಯಂತ್ರವೂ ಒಂದಡಿ ಆಸುಪಾಸಿನಲ್ಲೇ ಸೋಲುತ್ತದೆ. ಸಂಡೂರು ಕಡೆಯ ಕಬ್ಬಿಣದ ಅದಿರಿನ ಕೆಂಪು ಮಣ್ಣಿನಲ್ಲಿ ಇನ್ನೂ ಕಡಿಮೆ.

ಭೂಮಿಯಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸುವುದು ಕಡ್ಡಾಯ. ರಾಜ್ಯದಲ್ಲಿ ಇದಕ್ಕೆ 1962ರ ಕಾಯ್ದೆ ಇದೆ. ಹಂಪಿಯಂಥ ಸಂರಕ್ಷಿತ ಪ್ರದೇಶದಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. ಅಮೆರಿಕದ ಓದುಗರೂ ಗಮನಿಸಿ: ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಮೆಟಲ್ ಡಿಟೆಕ್ಟರ್ ಬಳಸುವಂತಿಲ್ಲ. ಫೆಡರಲ್ ಜಮೀನಿನಲ್ಲಿ ನೂರು ವರ್ಷ ದಾಟಿದ ಪುರಾತನ ವಸ್ತು ತೆಗೆಯುವುದನ್ನು 1979ರ ಕಾಯ್ದೆ ತಡೆಯುತ್ತದೆ.

ಪ್ರಶ್ನೆ: ನಿಂತುಹೋದ ಕಂಪನಿಯ ಯಂತ್ರಕ್ಕೆ ಕಾಯಿಲನ್ನು ನಾವೇ ಸುತ್ತಿಕೊಳ್ಳಬಹುದೇ?
— ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಬಹುದು, ಆದರೆ ಇಂಥ ಕಂಪನಿ ಮುಚ್ಚಿದಾಗ ಕಳೆದುಹೋಗುವ ವಿದ್ಯೆಯಲ್ಲಿ ತೀರಾ ಕಷ್ಟದ್ದು ಇದೇ. ಬೋರ್ಡಿನ ಚಿಪ್‌ಗಳಾದ ಓಪ್-ಆಂಪ್, ಕಂಪ್ಯಾರೇಟರ್‌ಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಬದಲಿ ಸಿಗುತ್ತವೆ. ಸರಿಯಾಗಿ ಹೊಂದಿಸಿದ ಕಾಯಿಲ್ ಸಿಗುವುದಿಲ್ಲ.

ಇಂಥ ಯಂತ್ರಗಳಲ್ಲಿ ಆವರ್ತನ ನಿರ್ಧರಿಸುವುದು ಟ್ರಾನ್ಸ್‌ಮಿಟ್ ಸುರುಳಿಯ ಇಂಡಕ್ಟನ್ಸ್ ಮತ್ತು ಅದರ ಜೊತೆಗಿರುವ ಕೆಪ್ಯಾಸಿಟರ್. ಲೆಕ್ಕಕ್ಕಾಗಿ ಸುರುಳಿ 0.5 ಮಿಲಿಹೆನ್ರಿ ಎಂದಿಟ್ಟುಕೊಂಡರೆ, 14.5 ಕಿಲೊಹರ್ಟ್ಸ್ ಬರಲು ಸುಮಾರು 0.24 ಮೈಕ್ರೊಫ್ಯಾರಡ್ ಬೇಕು. ನೀವು ಸುತ್ತಿದ ಸುರುಳಿಯ ಇಂಡಕ್ಟನ್ಸ್ ಶೇ 10ರಷ್ಟು ಹೆಚ್ಚಾದರೆ ಆವರ್ತನ 13.8ರ ಹತ್ತಿರಕ್ಕೆ ಇಳಿಯುತ್ತದೆ. ಆಗ ಸಂಕೇತದ ಫೇಸ್ ಸರಿದು ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಖನಿಜದ ಸದ್ದು ಅಡಗಿಸುವ ಹೊಂದಾಣಿಕೆ) ಕೂರುವುದಿಲ್ಲ, ಡಿಸ್ಕ್ರಿಮಿನೇಷನ್ ನಾಬಿನ ಗುರುತುಗಳೆಲ್ಲ ಸುಳ್ಳಾಗುತ್ತವೆ. ಆದ್ದರಿಂದ ಮೂಲ ಕಾಯಿಲಿನ ಎರಡೂ ಸುರುಳಿಗಳನ್ನು ಎಲ್‌ಸಿಆರ್ ಮೀಟರಿನಿಂದ ಅಳೆದು ಬರೆದಿಡಿ, ಕೆಟ್ಟ ಕಾಯಿಲಿನಲ್ಲೂ ಸಾಮಾನ್ಯವಾಗಿ ಒಂದಾದರೂ ಸುರುಳಿ ಉಳಿದಿರುತ್ತದೆ. ಬದಲಿ ಕೆಪ್ಯಾಸಿಟರ್ ಬೇಕಾದರೆ ಪಾಲಿಪ್ರಾಪಿಲೀನ್ ಹಾಕಿ. ಸಾಧಾರಣ ಸೆರಾಮಿಕ್ ಹಾಕಿದರೆ ಬಿಸಿಲೇರಿದಂತೆ ಬೆಲೆ ಬದಲಾಗುತ್ತದೆ.

ಒಂದರ ಮೇಲೊಂದು ಅರೆಬರೆ ಕೂರುವ ಎರಡು 'ಡಿ' ಆಕಾರದ ಸುರುಳಿಗಳ ಕಾಯಿಲ್ ಮನೆಯಲ್ಲಿ ಮಾಡಲು ಸುಲಭ, ಖನಿಜ ಹೆಚ್ಚಿರುವ ಮಣ್ಣಿಗೂ ಹೊಂದುತ್ತದೆ. ಸುರುಳಿಗಳನ್ನು ವಾರ್ನಿಷ್‌ನಲ್ಲಿ ನೆನೆಸಿ ಗಟ್ಟಿ ಮಾಡಿ. ಮೇಲೆ ಗ್ರಾಫೈಟ್ ಬಣ್ಣ ಬಳಿದು, ಬರಿ ತಂತಿಯೊಂದನ್ನು ಒತ್ತಿಟ್ಟು ಗ್ರೌಂಡ್ ಪಿನ್ನಿಗೆ ಸೇರಿಸಿ. ಲೇಪನ ಪೂರ್ತಿ ವರ್ತುಲವಾಗಬಾರದು, ಒಂದು ಕಡೆ ಅರ್ಧ ಸೆಂಟಿಮೀಟರ್ ಬಿಡಿ, ಇಲ್ಲದಿದ್ದರೆ ಅದೇ ಒಂದು ಶಾರ್ಟ್ ಆದ ಸುತ್ತಿನಂತೆ ವರ್ತಿಸುತ್ತದೆ. ಟ್ರಾನ್ಸ್‌ಮಿಟ್ ಸುರುಳಿಯನ್ನು ಎಪಾಕ್ಸಿಯಲ್ಲಿ ಕೂರಿಸಿ, ರಿಸೀವ್ ಸುರುಳಿಗೆ ಆಸಿಲೋಸ್ಕೋಪ್ ಹಚ್ಚಿ ಕೂದಲೆಳೆಯಷ್ಟು ಸರಿಸುತ್ತ ಹೋಗಿ. ಅಲೆಯ ಎತ್ತರ ಕನಿಷ್ಠಕ್ಕೆ ಇಳಿದ ಜಾಗವೇ ನಲ್. ಎಪಾಕ್ಸಿಯನ್ನು ಒಂದೇ ಸಲ ಸುರಿಯಬೇಡಿ. ಗಟ್ಟಿಯಾಗುವಾಗ ಅದು ಬಿಸಿಯಾಗಿ ಕುಗ್ಗಿ ನಲ್ ಕೆಡಿಸುತ್ತದೆ. ತೆಳುವಾಗಿ ಪದರ ಪದರವಾಗಿ ಹಾಕಿ, ಪ್ರತಿ ಪದರದ ನಂತರ ಅಳೆದು, ಸರಿದಿದ್ದರೆ ರಿಸೀವ್ ಸುರುಳಿಯ ಬಿಟ್ಟುಕೊಂಡ ಒಂದು ಸುತ್ತನ್ನು ಬಾಗಿಸಿ ಸರಿಪಡಿಸಿ. ಕೊನೆಯ ಪದರಕ್ಕೆ ಮುಂಚೆ ಕಾಯಿಲನ್ನು ಒಂದು ತಾಸು ಬಿಸಿಲಿನಲ್ಲಿಟ್ಟು ಒಮ್ಮೆ, ನೆರಳಿನಲ್ಲಿ ತಣಿಸಿ ಇನ್ನೊಮ್ಮೆ ನಲ್ ನೋಡಿ. ಎರಡೂ ಅಳತೆ ಹತ್ತಿರವಿದ್ದರೆ ಮಾತ್ರ ಮುಚ್ಚಿ.